ಸೇದುವ ಚಿಲುಮೆ, ಇಡುವ ಚಿಲುಮೆ

ಪಟ್ಟದಕಲ್ಲಿನ ನಮ್ಮ ಮನೆಯ ಗೋಡೆಗೂಡಿನಲ್ಲಿ ಒಂದು ಮಣ್ಣಿನ ಚಿಲುಮೆ ಇದೆ. ಗೇಣಿಗಿಂತ ಸಣ್ಣದು. ಮೇಲುಬಾಯಿ ಅಗಲ, ಕೆಳಬಾಯಿ ಕಿರಿದು. ಒಳಗೆಲ್ಲ ಕಾಡಿಗೆಯಂತಹ ಕಪ್ಪು. ಅದು ನನ್ನ ಅಜ್ಜನದು. ಕೆಲವು ಕಾಲದ ಹಿಂದೆ ಗುಡಿಗಳನ್ನು ನೋಡಲು ಬಂದ ಮಿತ್ರರೊಬ್ಬರು ಅದನ್ನು ಕಂಡು ಬಹಳ ಆಸೆಪಟ್ಟರು. ಅವರಿಗೆ ದೇಶವಿದೇಶಗಳ ಧೂಮಪಾನದ ಕೊಳವೆಗಳನ್ನು ಕೂಡಿಸುವ ಹವ್ಯಾಸ. ಮನೆಯಲ್ಲಿ ಗಾಜಿನ ಕಪಾಟು ಮಾಡಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿ ಇಟ್ಟಿದ್ದಾರೆ. ಆದರೆ ತಾವು ಒಂದು ದಮ್ಮನ್ನೂ ಎಳೆದವರಲ್ಲ. “ಇದನ್ನು ನನಗೆ ಕೊಡಿ, ಚೆನ್ನಾಗಿ ತೊಳೆದು ಇಡುತ್ತೇನೆ” ಎಂದರು. ತೊಳೆಯುವ ಮಾತು ಕೇಳಿದೊಡನೆ ನನಗೆ ಏಕೋ ಕಸಿವಿಸಿಯಾಯಿತು. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಸೇದುವುದಕ್ಕೆಂದು ಹುಟ್ಟಿದ ವಸ್ತುವನ್ನು ಸೇದದೆ ಇಡುವುದರಲ್ಲಿ ಏನರ್ಥವಿದೆ? ಇಡುವವನು ಅದನ್ನು ಹೆಚ್ಚು ಬಲ್ಲನೋ, ಸೇದುವವನು ಬಲ್ಲನೋ?

ಮೊದಲು ವಸ್ತುವಿನ ಪರಿಚಯ ಮಾಡಿಕೊಳ್ಳೋಣ. ಕನ್ನಡದಲ್ಲಿ ಚಿಲುಮೆಯೆಂದರೆ ನೀರಿನ ಒರತೆಯೂ ಹೌದು; ದೇವರಾಯನದುರ್ಗದ ನಾಮದ ಚಿಲುಮೆಯನ್ನು ಕೇಳದವರಾರು? ಹೊಗೆಯ ಚಿಲುಮೆ ಮಾತ್ರ ಪಾರಸಿಯ ‘ಚಿಲಮ್’ ಎಂಬ ಮಾತಿನಿಂದ ಬಂದು, ನಮ್ಮ ನೀರಿನ ಚಿಲುಮೆಯ ರೂಪವನ್ನೇ ತೊಟ್ಟುಕೊಂಡಿತು. ಕುಂಬಾರನು ಅದನ್ನು ಜೇಡಿಮಣ್ಣಿನಿಂದ ಮಾಡಿ, ಆವಿಗೆಯಲ್ಲಿ ಗಡಿಗೆಗಳ ಸಂದಿಯಲ್ಲಿಟ್ಟು ಸುಡುತ್ತಿದ್ದನು. ಒಳಗೆ ಒಂದು ಸಣ್ಣ ಹರಳು ಹಾಕಬೇಕು. ಅದು ತಂಬಾಕು ಬಾಯಿಗೆ ಇಳಿಯದಂತೆ ತಡೆಯುತ್ತದೆ, ಹೊಗೆಗೆ ದಾರಿಯನ್ನೂ ಬಿಡುತ್ತದೆ. ಹರಳಿನ ಮೇಲೆ ತಂಬಾಕು, ತಂಬಾಕಿನ ಮೇಲೆ ಕೆಂಡ. ಕೆಳಬಾಯಿಗೆ ಒದ್ದೆಯ ಬಟ್ಟೆ ಸುತ್ತಿ, ಎರಡೂ ಅಂಗೈಗಳನ್ನು ಬಟ್ಟಲು ಮಾಡಿ ಹಿಡಿದು, ಬೆರಳುಗಳ ಸಂದಿಯಿಂದ ಎಳೆಯಬೇಕು. ತುಟಿ ಮಣ್ಣಿಗೆ ತಾಗುವುದಿಲ್ಲ. ಆದ್ದರಿಂದಲೇ ಒಂದು ಚಿಲುಮೆ ನಾಲ್ಕು ಕೈಗಳಲ್ಲಿ ಸುತ್ತಿ ಬರುವುದು ಸಾಧ್ಯವಾಯಿತು. ಅಜ್ಜನ ಗೆಳೆಯರು ಮಲಪ್ರಭೆಯ ದಂಡೆಯಲ್ಲಿ ಕುಳಿತು ಸೇದುತ್ತಿದ್ದುದನ್ನು ನಾನು ಕಂಡಿದ್ದೇನೆ. ಮಾತು ಒಂದು ಕಡೆಯಿಂದ ಸುತ್ತಿದರೆ ಚಿಲುಮೆ ಇನ್ನೊಂದು ಕಡೆಯಿಂದ ಸುತ್ತುತ್ತಿತ್ತು.

ನಮ್ಮೂರಿನ ವಿರೂಪಾಕ್ಷ ದೇವಾಲಯವನ್ನು ಲೋಕಮಹಾದೇವಿಯು ತನ್ನ ಪತಿ ಇಮ್ಮಡಿ ವಿಕ್ರಮಾದಿತ್ಯನ ಕಂಚಿಯ ವಿಜಯದ ನೆನಪಿಗಾಗಿ ಎಂಟನೆಯ ಶತಮಾನದಲ್ಲಿ ಕಟ್ಟಿಸಿದಳು. ಅದರ ಕಂಬಗಳ ಮೇಲೆ ರಾಮಾಯಣವಿದೆ, ಭಾರತವಿದೆ, ದಂಪತಿಗಳಿದ್ದಾರೆ. ಆದರೆ ಎಷ್ಟು ಹುಡುಕಿದರೂ ಒಂದು ಚಿಲುಮೆ ಸಿಕ್ಕದು. ಸಿಕ್ಕುವಂತೆಯೂ ಇಲ್ಲ. ತಂಬಾಕು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳು ಪಶ್ಚಿಮ ಕರಾವಳಿಗೆ ಬಂದ ಮೇಲೆಯೇ ಅದು ನಮ್ಮ ನಾಡನ್ನು ಕಂಡದ್ದು. ವಿರೂಪಾಕ್ಷನಿಗೂ ಅಜ್ಜನ ಚಿಲುಮೆಯ ವಂಶಕ್ಕೂ ನಡುವೆ ಎಂಟು ನೂರು ವರ್ಷಗಳ ಅಂತರವಿದೆ.

ಈ ವಂಶದ ಮೊದಲ ಪ್ರಸಿದ್ಧ ಕಥೆ ನಡೆದದ್ದು ನಮಗೆ ಹತ್ತಿರದಲ್ಲಿಯೇ. ಬಾಗಿಲಕೋಟೆ 1997ರಲ್ಲಿ ಬೇರೆ ಜಿಲ್ಲೆಯಾಗುವ ತನಕ ನಾವೆಲ್ಲ ವಿಜಾಪುರ ಜಿಲ್ಲೆಯವರೇ ಆಗಿದ್ದೆವು. ಆ ವಿಜಾಪುರದಲ್ಲಿ ಇಮ್ಮಡಿ ಇಬ್ರಾಹಿಂ ಆದಿಲಶಹನು ಆಳುತ್ತಿದ್ದಾಗ, ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ, ಅಕ್ಬರನ ರಾಯಭಾರಿಯಾಗಿ ಅಸದ್ ಬೇಗನೆಂಬವನು ಅಲ್ಲಿಗೆ ಬಂದನು. ತಾನು ಅದುವರೆಗೆ ಹಿಂದುಸ್ತಾನದಲ್ಲಿ ಕಾಣದಿದ್ದ ತಂಬಾಕನ್ನು ಅವನು ವಿಜಾಪುರದಲ್ಲಿ ಕಂಡನು. ಬಾದಶಹನಿಗೆ ಕಾಣಿಕೆಯಾಗಿ ಒಯ್ಯಬೇಕೆಂದು ಒಂದು ಕೊಳವೆಯನ್ನು ಸಿದ್ಧಪಡಿಸಿದನು. ಅದರ ವರ್ಣನೆಯನ್ನು ಅವನೇ ಬರೆದಿಟ್ಟಿದ್ದಾನೆ. ಅಚೀನ ದೇಶದಿಂದ ಬಂದ ಮೂರು ಮೊಳದ ನಳಿಕೆ, ಅದರ ಎರಡು ತುದಿಗಳಿಗೂ ರತ್ನ ಮತ್ತು ಮೀನಾಕಾರಿ ಕೆಲಸ, ಬಾಯಿಗೆ ಯೆಮನ್ ದೇಶದ ಅಕೀಕು, ಕೆಂಡಕ್ಕೆ ಚಿನ್ನದ ಬಟ್ಟಲು. ಆದಿಲಶಹನು ಕೊಟ್ಟಿದ್ದ ವೀಳ್ಯದ ಚೀಲದಲ್ಲಿ ತಂಬಾಕನ್ನು ತುಂಬಿ, ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿಟ್ಟು ಅಕ್ಬರನ ಮುಂದಿರಿಸಿದನು. ಬಾದಶಹನು ಕುತೂಹಲದಿಂದ ಎರಡು ಮೂರು ದಮ್ಮು ಎಳೆದನು. ವೈದ್ಯನು ಬಂದು ತಡೆದನು; ನಮ್ಮ ಗ್ರಂಥಗಳಲ್ಲಿ ಹೇಳದ ವಸ್ತುವನ್ನು ಪರೀಕ್ಷಿಸದೆ ಸೇವಿಸಬಾರದೆಂದು ಅವನ ವಾದ. ಬಾದಶಹನು ಮತ್ತೆ ಅದರ ಗೊಡವೆಗೆ ಹೋಗಲಿಲ್ಲ. ಆಸ್ಥಾನಿಕರು ಮಾತ್ರ ಅದನ್ನು ಹಿಡಿದುಕೊಂಡರು, ಬೇಗನೆ ವರ್ತಕರೂ ತಂದು ಮಾರತೊಡಗಿದರು. ಮಗ ಜಹಾಂಗೀರನು 1617ರಲ್ಲಿ ಧೂಮಪಾನವನ್ನು ನಿಷೇಧಿಸಬೇಕಾಯಿತು. ನಿಷೇಧವನ್ನು ಯಾರೂ ಲೆಕ್ಕಿಸಲಿಲ್ಲ.

ಈ ಕಥೆಯಲ್ಲಿ ನಮ್ಮ ಪ್ರಶ್ನೆಯ ಬೀಜವಿದೆ. ಆ ರತ್ನಖಚಿತ ಕೊಳವೆಯನ್ನು ಮಾಡಿಸಿದ್ದು ಸೇದುವುದಕ್ಕಿಂತ ಹೆಚ್ಚಾಗಿ ತೋರಿಸುವುದಕ್ಕೆ. ಅದರ ಆಯುಷ್ಯವೆಲ್ಲ ಎರಡು ಮೂರು ದಮ್ಮುಗಳಲ್ಲಿ ಮುಗಿಯಿತು. ಅದೇ ಕಾಲದಿಂದ ಹೊಲದ ಬದುವಿನಲ್ಲಿ ಹತ್ತಿದ ಮಣ್ಣಿನ ಚಿಲುಮೆ ಮುಂದೆ ಮೂರು ನೂರು ವರ್ಷ ಆರಲಿಲ್ಲ.

ತೋರಿಸುವ ಚಿಲುಮೆಗೂ ಸೇದುವ ಚಿಲುಮೆಗೂ ಯಾವಾಗಲೂ ವೈರವಿತ್ತೆಂದು ತಿಳಿಯಬಾರದು. ಬೀದರಿನ ಬಿದರಿ ಕೆಲಸವನ್ನು ನೋಡಿರಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೊರೆದ ಗೆರೆಗಳಲ್ಲಿ ಬೆಳ್ಳಿಯನ್ನು ಕೂಡಿಸಿ, ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಲೇಪಿಸುತ್ತಾರೆ. ಲೋಹವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಇಂದು ಲಂಡನ್ನಿನ ವಿಕ್ಟೋರಿಯಾ ಆಲ್ಬರ್ಟ್ ವಸ್ತುಸಂಗ್ರಹಾಲಯದಂತಹ ಕಡೆಗಳಲ್ಲಿ ಗಾಜಿನೊಳಗೆ ಕುಳಿತಿರುವ ಹಳೆಯ ಬಿದರಿ ಪಾತ್ರೆಗಳಲ್ಲಿ ಹಲವು ಹುಕ್ಕಾದ ಬುಡಗಳು. ಅವು ನೀರು ತುಂಬುವುದಕ್ಕಾಗಿ ಮಾಡಿದವು. ಹೊಗೆ ಆ ನೀರಿನೊಳಗಿಂದ ಗುಳುಗುಳು ಎನ್ನುತ್ತ ಬರಬೇಕು. ಈಗ ಬುಡವೊಂದೇ ಉಳಿದಿದೆ. ನಳಿಕೆ ಇಲ್ಲ, ಮೇಲಿನ ಚಿಲುಮೆ ಇಲ್ಲ, ಶಬ್ದವೂ ಇಲ್ಲ. ಎಷ್ಟೋ ಪ್ರೇಕ್ಷಕರು ಅದನ್ನು ಹೂದಾನಿಯೆಂದು ತಿಳಿದು ಮುಂದೆ ಹೋಗುತ್ತಾರೆ. ಬಳಕೆ ತಪ್ಪಿದ ವಸ್ತುವಿಗೆ ಒದಗುವ ಮೊದಲ ಆಪತ್ತು ಇದು: ಅದು ತನ್ನ ಹೆಸರನ್ನು ಕಳೆದುಕೊಳ್ಳುತ್ತದೆ.

ಇನ್ನು ನನ್ನ ಮಿತ್ರರ ಪಕ್ಷವನ್ನೂ ಹೇಳಬೇಕು. ಅವರಿಂದ ನಾನು ಕಲಿತದ್ದು ಕಡಿಮೆಯಲ್ಲ. ತುರ್ಕಸ್ಥಾನದ ಎಸ್ಕಿಶೆಹಿರ್ ಕಡೆ ಅಗೆಯುವ ಒಂದು ಬಿಳಿಯ ಹಗುರ ಖನಿಜವುಂಟು. ಜರ್ಮನರು ಅದನ್ನು ಮೀರ್‌ಶಾಮ್, ಎಂದರೆ ಕಡಲ ನೊರೆ, ಎಂದು ಕರೆದರು. ಅದರಲ್ಲಿ ಕೆತ್ತಿದ ಪೈಪು ಹೊಸತರಲ್ಲಿ ಹಾಲಿನಂತಿರುತ್ತದೆ. ಸೇದುತ್ತ ಹೋದಂತೆ ತಂಬಾಕಿನ ಜಿಡ್ಡನ್ನು ಹೀರಿ ಜೇನಿನ ಬಣ್ಣಕ್ಕೂ ಅಲ್ಲಿಂದ ಕಂದು ಬಣ್ಣಕ್ಕೂ ತಿರುಗುತ್ತದೆ. ಸಂಗ್ರಾಹಕರು ಮೆಚ್ಚುವ ಆ ಬಣ್ಣವನ್ನು ಅಂಗಡಿಯಲ್ಲಿ ಕೊಳ್ಳುವಂತಿಲ್ಲ. ಯಾರೋ ಒಬ್ಬ ಸೇದುವವನು ವರ್ಷಗಟ್ಟಲೆ ದುಡಿದು ಅದನ್ನು ತಂದಿರಬೇಕು. ಇನ್ನು ಬ್ರೈಯರ್ ಪೈಪು. ಮೆಡಿಟರೇನಿಯನ್ ತೀರದ ಒಂದು ಪೊದೆಗಿಡದ ಬೇರಿನ ಗಂಟಿನಿಂದ ಅದನ್ನು ಮಾಡುತ್ತಾರೆ. ಸೇದಿದಂತೆ ಅದರ ಒಳಗೆ ಇದ್ದಲಿನ ಪದರ ಬೆಳೆಯುತ್ತದೆ. ಪದರ ತೆಳುವಾಗಿದ್ದರೆ ಕಟ್ಟಿಗೆಯನ್ನು ಉರಿಯಿಂದ ಕಾಯುತ್ತದೆ. ಹೆಚ್ಚು ದಪ್ಪವಾದರೆ ಕಾಯಿದಾಗ ಹಿಗ್ಗಿ ಬಟ್ಟಲನ್ನೇ ಸೀಳುತ್ತದೆ. ಒಮ್ಮೆ ಸೇದಿದ ಮೇಲೆ ತೇವ ಆರುವಂತೆ ಅದಕ್ಕೆ ವಿಶ್ರಾಂತಿ ಬೇಕು. ಆದ್ದರಿಂದ ವಾರದ ಏಳು ದಿನಗಳಿಗೆ ಏಳು ಪೈಪುಗಳನ್ನು ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುತ್ತಿದ್ದರು. ಸೇದುವವನೂ ಒಂದು ಬಗೆಯ ಸಂಗ್ರಾಹಕನೇ ಆಗಬೇಕಾಯಿತು ಎಂಬುದನ್ನು ಗಮನಿಸಬೇಕು.

ಇಂಗ್ಲೆಂಡಿನ ಮಣ್ಣಿನ ಪೈಪುಗಳ ಮಾತು ಇನ್ನೂ ಸ್ವಾರಸ್ಯದ್ದು. ಅವು ಅಗ್ಗ, ಮುರಿದರೆ ಬಿಸಾಡುತ್ತಿದ್ದರು. ತಂಬಾಕು ತುಟ್ಟಿಯಾಗಿದ್ದ ಮೊದಲ ಕಾಲದಲ್ಲಿ ಬಟ್ಟಲು ಚಿಕ್ಕದು, ಸೋವಿಯಾದಂತೆ ದೊಡ್ಡದಾಯಿತು. ನಳಿಕೆಯ ರಂಧ್ರವು ಕಾಲಕ್ರಮದಲ್ಲಿ ಕಿರಿದಾಗುತ್ತ ಬಂದಿತು. ಈ ಚೂರುಗಳ ರಂಧ್ರವನ್ನು ಅಳೆದು, ಅಗೆದ ನೆಲದ ಕಾಲವನ್ನು ನಿರ್ಣಯಿಸಬಹುದೆಂದು ಹ್ಯಾರಿಂಗ್ಟನ್ ಎಂಬ ಅಮೆರಿಕದ ವಿದ್ವಾಂಸರು 1954ರಲ್ಲಿ ತೋರಿಸಿದರು. ಸೇದಿ ಎಸೆದವನು ಇತಿಹಾಸಕ್ಕೆ ಸಾಮಗ್ರಿ ಒದಗಿಸಿದನು, ಆಯ್ದು ಕೂಡಿಸಿದವನು ಅದನ್ನು ಇತಿಹಾಸವಾಗಿ ಓದಿದನು. ಇಬ್ಬರಲ್ಲಿ ಒಬ್ಬನಿಲ್ಲದಿದ್ದರೂ ಆ ಜ್ಞಾನ ಹುಟ್ಟುತ್ತಿರಲಿಲ್ಲ.

ಇಷ್ಟಾದರೂ ಬಳಸುವುದೇ ದೊಡ್ಡದು, ಇಡುವುದು ಕೃಪಣನ ಕೆಲಸ ಎಂದು ಹೇಳಿಬಿಡುವುದು ಸುಲಭ. ಇಳಕಲ್ಲಿನ ಸೀರೆಯ ವಿಷಯದಲ್ಲಿ ನಾನು ಹಾಗೆಯೇ ಹೇಳುತ್ತೇನೆ. ಒಡಲಿನ ನೂಲಿಗೂ ಸೆರಗಿನ ರೇಶಿಮೆಗೂ ಒಂದೊಂದೇ ಎಳೆಯ ಕುಣಿಕೆ ಹಾಕಿ ತೋಪು ತೆನೆಯಲ್ಲಿ ಕೂಡಿಸಿದ ಆ ಸೀರೆ ಪೆಟ್ಟಿಗೆಯ ತಳದಲ್ಲಿ ಮಡಿಕೆ ಮುರಿದು ಸೀಳುವುದಕ್ಕಿಂತ ಹಬ್ಬಕ್ಕೆ ಉಟ್ಟು ಹಳತಾಗುವುದು ಮೇಲು. ಆದರೆ ಚಿಲುಮೆಯ ವಿಷಯದಲ್ಲಿ ಆ ಮಾತನ್ನು ಆಡಲು ನನಗೆ ನಾಲಗೆ ಏಳುವುದಿಲ್ಲ. ಸೀರೆ ಉಟ್ಟವಳನ್ನು ಕೊಲ್ಲುವುದಿಲ್ಲ.

ಅಜ್ಜನಿಗೆ ಕೊನೆಯ ವರ್ಷಗಳಲ್ಲಿ ಕೆಮ್ಮು ಹತ್ತಿತು. ರಾತ್ರಿಯೆಲ್ಲ ಕುಳಿತೇ ಇರುತ್ತಿದ್ದನು. ವೈದ್ಯರು ಚಿಲುಮೆ ಬಿಡಿಸಿರಿ ಎಂದರು. ಅದುವರೆಗೆ ಪ್ರತಿದಿನ ಒಲೆಯ ಕೆಂಡವನ್ನು ತಾನೇ ತಂದುಕೊಡುತ್ತಿದ್ದ ಅಜ್ಜಿ, ಒಂದು ದಿನ ಚಿಲುಮೆಯನ್ನು ಜೋಳದ ಹಗೇವಿನ ಬದಿಯ ಗಡಿಗೆಯಲ್ಲಿ ಬಚ್ಚಿಟ್ಟಳು. ಅಜ್ಜ ಬೇಡಿದನು, ಸಿಟ್ಟಾದನು, ಕೊನೆಗೆ ಮಗುವಿನಂತೆ ಅತ್ತನು. ಅವಳು ಕೊಡಲಿಲ್ಲ. ಆರು ತಿಂಗಳಲ್ಲಿ ಅವನು ತೀರಿಕೊಂಡನು. “ಕೊಟ್ಟಿದ್ದರೂ ಅಷ್ಟೇ ಆಗುತ್ತಿತ್ತೋ ಏನೋ” ಎಂದು ಅಜ್ಜಿ ಮುಂದೆ ಎಷ್ಟೋ ವರ್ಷ ಹೇಳುತ್ತಿದ್ದಳು. ಅಜ್ಜ ತನ್ನ ಜೀವಮಾನದಲ್ಲಿ ಎಷ್ಟು ಚಿಲುಮೆಗಳನ್ನು ಒಡೆದನೋ ಲೆಕ್ಕವಿಲ್ಲ. ಒಡೆಯದೆ ಉಳಿದದ್ದು ಅಜ್ಜಿ ಬಚ್ಚಿಟ್ಟ ಇದೊಂದೇ. ಬಳಕೆಯಿಂದ ತಪ್ಪಿಸಿದ್ದರಿಂದಲೇ ಇದು ನನ್ನ ಕೈಗೆ ಬಂದಿದೆ.

ಚಿಲುಮೆಯ ಹೊಗೆ ಶ್ವಾಸಕೋಶಕ್ಕೆ ಮಾಡುವ ಕೇಡು ಇಂದು ವಾದದ ವಿಷಯವಲ್ಲ. ಹುಕ್ಕಾದ ನೀರು ಹೊಗೆಯನ್ನು ತಂಪು ಮಾಡುತ್ತದೆಯೇ ಹೊರತು ವಿಷವನ್ನು ಕಳೆಯುವುದಿಲ್ಲ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನಕ್ಕೆ 2008ರ ಅಕ್ಟೋಬರದಿಂದ ದೇಶದಾದ್ಯಂತ ಕಟ್ಟುನಿಟ್ಟಿನ ನಿಷೇಧ ಬಂದಿತು. ಕರ್ನಾಟಕ ಸರಕಾರವು 2024ರ ಫೆಬ್ರುವರಿಯಲ್ಲಿ ಹುಕ್ಕಾದ ಮಾರಾಟ ಮತ್ತು ಸೇವನೆಯನ್ನೇ ನಿಷೇಧಿಸಿತು. ತಂಬಾಕಿನಿಂದ ಹೊಟ್ಟೆ ಹೊರೆಯುವವರೂ ನಮ್ಮ ನಡುವೆ ಇದ್ದಾರೆ ಎಂಬುದನ್ನು ನಿಪ್ಪಾಣಿಯ ರೈತರು 1981ರ ಚಳವಳಿಯಲ್ಲಿ ನಾಡಿಗೆ ನೆನಪಿಸಿಕೊಟ್ಟರು. ಅವರ ಕಷ್ಟ ಸುಳ್ಳಲ್ಲ. ಅಜ್ಜನ ಕೆಮ್ಮೂ ಸುಳ್ಳಲ್ಲ.

ಹಾಗಾದರೆ ಇಡುವವನೇ ಗೆದ್ದನೇ? ಉತ್ತರಕ್ಕಾಗಿ ನಾನು ನಮ್ಮೂರಿನ ಗುಡಿಗಳ ಕಡೆಗೆ ನೋಡುತ್ತೇನೆ. ಇಲ್ಲಿ ಒಂಬತ್ತು ಶಿವಾಲಯಗಳೂ ಒಂದು ಜೈನ ಬಸದಿಯೂ ಇವೆ. 1987ರಲ್ಲಿ ಯುನೆಸ್ಕೋ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇವುಗಳಲ್ಲಿ ನಿತ್ಯಪೂಜೆ ನಡೆಯುವುದು ವಿರೂಪಾಕ್ಷನಿಗೆ ಮಾತ್ರ. ಅಲ್ಲಿ ದೀಪವಿದೆ, ಎಣ್ಣೆಯ ಜಿಡ್ಡಿದೆ, ಗಂಟೆಯ ಸದ್ದಿದೆ. ಗಳಗನಾಥ, ಸಂಗಮೇಶ್ವರ, ಪಾಪನಾಥ ಗುಡಿಗಳು ಹುಲ್ಲುಹಾಸಿನ ನಡುವೆ ಶುಭ್ರವಾಗಿ, ಮೌನವಾಗಿ ನಿಂತಿವೆ. ಬಳಕೆ ಎಂದರೆ ಬರಿಯ ಪೂಜೆಯೂ ಅಲ್ಲ. ಹತ್ತಿರದ ಐಹೊಳೆಯಲ್ಲಿ ಲಾಡಖಾನನೆಂಬವನು ಒಂದು ಗುಡಿಯನ್ನೇ ಮನೆ ಮಾಡಿಕೊಂಡಿದ್ದನು. ಇಂದಿಗೂ ಆ ಗುಡಿಗೆ ಅವನದೇ ಹೆಸರು. ಗುಡಿಯೊಳಗೆ ಒಲೆ ಹೂಡಿದರೆ ಶಿಲ್ಪ ಕಪ್ಪಾಗುತ್ತದೆ. ಯಾರೂ ಕಾಲಿಡದಿದ್ದರೆ ಗುಡಿ ಬರಿಯ ಕಲ್ಲಾಗುತ್ತದೆ. ಎಲ್ಲವನ್ನೂ ಬಳಕೆಗೆ ಬಿಡಲಾಗದು, ಎಲ್ಲವನ್ನೂ ಬೇಲಿಯೊಳಗೆ ಇಡಲೂ ಆಗದು. ಬಳಕೆ ನಿಲ್ಲಲೇಬೇಕಾದ ಕಡೆ, ಬಳಕೆಯ ನೆನಪನ್ನಾದರೂ ವಸ್ತುವಿನೊಡನೆ ಉಳಿಸಬೇಕು. ನನಗೆ ತೋರುವ ನ್ಯಾಯ ಇಷ್ಟು.

ಆದುದರಿಂದ ಮಿತ್ರರಿಗೆ ಚಿಲುಮೆಯನ್ನು ನಾನು ಕೊಡಲಿಲ್ಲ. ಅವರು ಬೇಸರಪಡಲಿಲ್ಲ; ಬದಲಿಗೆ ಒಂದು ಒಳ್ಳೆಯ ಬುದ್ಧಿ ಹೇಳಿಕೊಟ್ಟರು. “ಚೀಟಿಯನ್ನಾದರೂ ಬರೆದಿಡಿ” ಎಂದರು. ಕುಳಿತು ಬರೆದೆನು. ಹರಳು ಎಲ್ಲಿ ಹಾಕಬೇಕು, ಬಟ್ಟೆ ಹೇಗೆ ಸುತ್ತಬೇಕು, ಕೆಂಡ ಯಾರು ತರುತ್ತಿದ್ದರು, ಯಾರು ಬಚ್ಚಿಟ್ಟರು, ಏಕೆ ಬಚ್ಚಿಟ್ಟರು ಎಂಬುದನ್ನೆಲ್ಲ ಬರೆದೆನು. ಮಾಡಿದವನ ಹೆಸರು ಬರೆಯಬೇಕೆಂದಾಗ ಲೇಖನಿ ನಿಂತಿತು. ವಿರೂಪಾಕ್ಷನ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು ಅಲ್ಲಿಯ ಶಾಸನದಲ್ಲಿ ಇಂದಿಗೂ ಇದೆ. ಈ ಚಿಲುಮೆಯನ್ನು ತಿದ್ದಿದ ಕುಂಬಾರನ ಹೆಸರನ್ನು ಹೇಳಬಲ್ಲವರು ಯಾರೂ ಉಳಿದಿಲ್ಲ. ಮಣ್ಣು ಹಸಿಯಿದ್ದಾಗ ಅವನ ಹೆಬ್ಬೆರಳು ಒತ್ತಿದ ಗುರುತು ಮಾತ್ರ ಹೊರಮೈಯಲ್ಲಿದೆ. ಅದನ್ನೂ ಬರೆದು, ಚೀಟಿಯನ್ನು ಮಡಿಸಿ ಚಿಲುಮೆಯ ಕೆಳಗಿಟ್ಟಿದ್ದೇನೆ. ಒಳಗಿನ ಮಸಿಯನ್ನು ತೊಳೆದಿಲ್ಲ.