ಸೆನ್ಸರ್ ಸತ್ತಿದೆಯೋ, ವೈರ್ ಸತ್ತಿದೆಯೋ?

ಈಗಿನ ಕಾರು ಕೆಟ್ಟರೆ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲೇ ಸ್ಕ್ಯಾನರ್ ಸಿಕ್ಕಿಸುತ್ತಾನೆ. ಸ್ಟೀರಿಂಗ್ ಕೆಳಗಿನ ಸಾಕೆಟ್ಟಿಗೆ ಅದು ಕೂತ ಕ್ಷಣ ದೋಷದ ಸಂಖ್ಯೆ ಪರದೆಯ ಮೇಲೆ ಮೂಡುತ್ತದೆ. ಅಮೆರಿಕದಲ್ಲಿ ಈ ಏರ್ಪಾಡು ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 1996ರ ಮಾದರಿಗಳಿಂದ. ಅದಕ್ಕಿಂತ ಮುಂಚಿನ ಹದಿನೈದು ವರ್ಷಗಳಲ್ಲಿ ಬಂದ ಸ್ಪೋರ್ಟ್ಸ್ ಕಾರುಗಳದ್ದು ಅತ್ತ ಹಳೆಯದೂ ಅಲ್ಲ, ಇತ್ತ ಹೊಸದೂ ಅಲ್ಲ ಎನ್ನುವ ಸ್ಥಿತಿ. ಕಾರ್ಬ್ಯುರೇಟರ್ ಹೋಗಿ ಕಂಪ್ಯೂಟರ್ ಬಂದಿದೆ, ಆದರೆ ತನಗೇನಾಗಿದೆ ಎಂದು ಆ ಕಂಪ್ಯೂಟರ್ ಅನೇಕ ಕಾರುಗಳಲ್ಲಿ ಬಾಯಿಬಿಡುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಒಂದು ಮಲ್ಟಿಮೀಟರ್ ಮತ್ತು ಯಾವುದನ್ನು ಮೊದಲು ನೋಡಬೇಕು ಎಂಬ ತಿಳಿವಳಿಕೆ.

ಈ ಕೆಲಸವನ್ನು ಅರಿಯಲು ಪೋರ್ಷೆ 944 ಒಳ್ಳೆಯ ಉದಾಹರಣೆ. 1982ರಿಂದ 1991ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ಕಾರುಗಳಲ್ಲಿ ಬಹುಪಾಲು ಹೊರಬಂದದ್ದು ಜರ್ಮನಿಯ ನೆಕ್ಕಾರ್‌ಸುಲ್ಮ್‌ನಲ್ಲಿರುವ ಆಡಿ ಕಾರ್ಖಾನೆಯಿಂದ. ಮುಂದೆ ನಾಲ್ಕು ಸಿಲಿಂಡರಿನ ಎಂಜಿನ್, ಹಿಂದೆ ಗೇರ್‌ಬಾಕ್ಸ್. ಎಂಜಿನ್ನನ್ನು ಆಳುವುದು ಬಾಷ್ ಕಂಪನಿಯ ಮೋಟ್ರಾನಿಕ್ ವ್ಯವಸ್ಥೆ. ಬೆಂಗಳೂರಿನ ಆಡುಗೋಡಿಯವರು ಮೈಕೋ ಎಂದೇ ಕರೆಯುತ್ತಿದ್ದ, 2008ರಲ್ಲಿ ಹೆಸರು ಬದಲಿಸಿಕೊಂಡ ಕಂಪನಿಯೂ ಇದೇ ಬಾಷ್ ಬಳಗದ್ದು. ಪೆಟ್ರೋಲ್ ಎಷ್ಟು ಚಿಮ್ಮಬೇಕು, ಪ್ಲಗ್ಗಿನಲ್ಲಿ ಕಿಡಿ ಯಾವಾಗ ಹಾರಬೇಕು ಎಂಬ ಎರಡನ್ನೂ ಒಂದೇ ಪೆಟ್ಟಿಗೆ ನಿರ್ಧರಿಸುವ ಮೋಟ್ರಾನಿಕ್ ಮೊದಲು ಬಂದದ್ದು 1979ರಲ್ಲಿ, ಬಿಎಂಡಬ್ಲ್ಯು 732ಐ ಕಾರಿನಲ್ಲಿ.

ಈ ಪೆಟ್ಟಿಗೆಗೆ ಕಣ್ಣಿಲ್ಲ. ಕ್ರ್ಯಾಂಕ್‌ಶಾಫ್ಟ್ ಈಗ ಎಲ್ಲಿದೆ, ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬ ಸುದ್ದಿಯನ್ನು 944ರಲ್ಲಿ ಎರಡು ಸೆನ್ಸರ್‌ಗಳು ತರುತ್ತವೆ. ಎರಡೂ ಎಂಜಿನ್ನಿನ ಬೆನ್ನಿಗೆ, ಫ್ಲೈವೀಲಿನ ಪಕ್ಕದಲ್ಲಿ ಅಕ್ಕಪಕ್ಕ ಕೂತಿವೆ. ವೇಗದ ಸೆನ್ಸರ್ ಫ್ಲೈವೀಲಿನ ಅಂಚಿನ ರಿಂಗ್ ಗೇರಿನ 132 ಹಲ್ಲುಗಳನ್ನು ಎಣಿಸುತ್ತದೆ. ಇನ್ನೊಂದು, ಫ್ಲೈವೀಲಿನಲ್ಲಿರುವ ಒಂದೇ ಒಂದು ಗುರುತು ತನ್ನ ಮುಂದೆ ಹಾದಾಗ ಸುತ್ತಿಗೊಮ್ಮೆ ಸೂಚನೆ ಕೊಡುತ್ತದೆ. ಎರಡೂ ಸೆನ್ಸರ್‌ಗಳ ಒಳಗಿರುವುದು ಒಂದು ಆಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಂತಿಯ ಸುರುಳಿ. ಸೈಕಲ್ಲಿನ ಡೈನಮೊ ನಡೆಯುವ ತತ್ತ್ವವೇ ಇಲ್ಲೂ. ಉಕ್ಕಿನ ಹಲ್ಲು ಹತ್ತಿರ ಬಂದು ದೂರ ಸರಿದಾಗಲೆಲ್ಲ ಸುರುಳಿಯಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಐಡ್ಲಿಂಗ್‌ನಲ್ಲಿ, ನಿಮಿಷಕ್ಕೆ 900 ಸುತ್ತಿನ ಲೆಕ್ಕದಲ್ಲಿ, ಸೆಕೆಂಡಿಗೆ ಸುಮಾರು 2,000 ಮಿಡಿತ.

ಈ ಮಿಡಿತ ನಿಂತರೆ ಗಾಡಿ ನಿಲ್ಲುತ್ತದೆ. ಗೊಂದಲ ಶುರುವಾಗುವುದೂ ಅಲ್ಲೇ. ಎಂಜಿನ್ ತಿರುಗುತ್ತಿಲ್ಲ ಎಂದುಕೊಂಡ ಕಂಪ್ಯೂಟರ್ ಕಿಡಿ ನಿಲ್ಲಿಸುತ್ತದೆ, ಇಂಜೆಕ್ಟರ್ ಮುಚ್ಚುತ್ತದೆ, ಪೆಟ್ರೋಲ್ ಪಂಪಿಗೆ ಹೋಗುವ ಕರೆಂಟನ್ನೂ ಕಡಿಯುತ್ತದೆ. ಪಂಪಿನ ಸದ್ದಿಲ್ಲ ಎಂದು ಒಬ್ಬರು ಪಂಪ್ ಬದಲಿಸುತ್ತಾರೆ. ಕಿಡಿಯಿಲ್ಲ ಎಂದು ಇನ್ನೊಬ್ಬರು ಕಾಯಿಲ್, ಪ್ಲಗ್ ತರಿಸುತ್ತಾರೆ. ನಲವತ್ತು ವರ್ಷ ದುಡಿದ ಅಸಲಿ ಭಾಗಗಳು ಗುಜರಿಗೆ ಹೋಗಿ ಅವುಗಳ ಜಾಗಕ್ಕೆ ಕಳಪೆ ನಕಲು ಬರುತ್ತದೆ. ಹಳೆಯ ಕಾರುಗಳಿಗೆ ತುಕ್ಕಿಗಿಂತ ಹೆಚ್ಚು ಹಾನಿ ಮಾಡಿರುವುದು ಈ ಊಹೆಯ ರಿಪೇರಿ ಎಂದೇ ನಾನು ನಂಬಿದ್ದೇನೆ. ಒಟ್ಟಿಗೇ ಮೂರು ಕೆಲಸ ನಿಂತಿದ್ದರೆ ಮೂರೂ ಭಾಗ ಒಂದೇ ದಿನ ಕೆಟ್ಟಿರುವುದು ಅಪರೂಪ. ಮೂರಕ್ಕೂ ಅಪ್ಪಣೆ ಕೊಡುವ ಜಾಗದಲ್ಲಿ ಹುಡುಕಬೇಕು.

ಬಲ್ಲವರು ಅದಕ್ಕೇ ಸೆಲ್ಫ್ ಹೊಡೆಯುತ್ತ ಆರ್‌ಪಿಎಂ ಮುಳ್ಳನ್ನು ನೋಡುತ್ತಾರೆ. ಅದಕ್ಕೂ ಮುಂಚೆ ಒಂದು ಎಚ್ಚರಿಕೆ: ಟೈಮಿಂಗ್ ಬೆಲ್ಟ್ ಕಿತ್ತರೂ ಗಾಡಿ ಹೀಗೇ ನಿಲ್ಲುತ್ತದೆ, ಆಗ ಈ ಎಂಜಿನ್ನಿನಲ್ಲಿ ಪಿಸ್ಟನ್ ಹೋಗಿ ವಾಲ್ವ್‌ಗೆ ಬಡಿಯುತ್ತದೆ. ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು, ಎಂಜಿನ್ನನ್ನು ಸ್ಪಾನರಿನಿಂದ ಮೆಲ್ಲಗೆ ತಿರುಗಿಸಿ, ರೋಟರ್ ತಿರುಗುತ್ತಿದೆಯೇ ನೋಡಿಕೊಂಡರೆ ನಿಶ್ಚಿಂತೆ. ಆಮೇಲೆ ಕೀಲಿ. ಮುಳ್ಳು ಸ್ವಲ್ಪವಾದರೂ ಕುಣಿದರೆ ಕ್ರ್ಯಾಂಕಿನ ಸುದ್ದಿ ಕಂಪ್ಯೂಟರಿಗೆ ಮುಟ್ಟುತ್ತಿದೆ ಎಂದು ತಕ್ಕಮಟ್ಟಿಗೆ ನಂಬಬಹುದು. ಸೊನ್ನೆಯಲ್ಲೇ ಮಲಗಿದ್ದರೆ ಅನುಮಾನ ಸೆನ್ಸರ್‌ಗಳ ಮೇಲೆ, ಅವುಗಳ ವೈರಿನ ಮೇಲೆ ಅಥವಾ ಕಂಪ್ಯೂಟರಿಗೂ ಪಂಪಿಗೂ ಕರೆಂಟ್ ಒದಗಿಸುವ ರಿಲೇ ಮೇಲೆ. ಈ ರಿಲೇಯೊಳಗಿನ ಬೆಸುಗೆ ವರ್ಷಗಳ ಬಿಸಿಗೆ ಬಿರುಕು ಬಿಡುವುದು ಎಷ್ಟು ಮಾಮೂಲೆಂದರೆ, ಅನೇಕ 944 ಮಾಲೀಕರು ಗ್ಲವ್ ಬಾಕ್ಸಿನಲ್ಲಿ ಸದಾ ಒಂದು ಹೆಚ್ಚುವರಿ ರಿಲೇ ಇಟ್ಟುಕೊಂಡಿರುತ್ತಾರೆ. ಬದಲಿಸಿ ನೋಡಲು ಒಂದು ನಿಮಿಷ ಸಾಕಾದ್ದರಿಂದ ಮೊದಲ ಸರದಿ ಅದರದ್ದು.

ರಿಲೇ ಸರಿಯಿದ್ದರೆ ಮಲ್ಟಿಮೀಟರ್ ಹೊರಬರುತ್ತದೆ. ಸೆನ್ಸರಿನ ಕಪ್ಲರ್‌ನಲ್ಲಿ ಮೂರು ಪಿನ್. ಎರಡು ಸುರುಳಿಯ ತುದಿಗಳು, ಮೂರನೆಯದು ವೈರಿನ ಮೇಲಿನ ಲೋಹದ ಹೊದಿಕೆಯದ್ದು. ಸುರುಳಿಯ ತುದಿಗಳ ನಡುವೆ 600ರಿಂದ 1,600 ಓಮ್ ತೋರಿಸಬೇಕು. ಹೊದಿಕೆಗೂ ಸುರುಳಿಗೂ ಸಂಪರ್ಕವೇ ಇರಬಾರದು. ಆದರೆ ನುರಿತವರು ಕಪ್ಲರಿಗಿಂತ ಮೊದಲು ಕಂಪ್ಯೂಟರಿನ 35 ಪಿನ್ನಿನ ಪ್ಲಗ್ ಬಿಚ್ಚಿ ಅಲ್ಲೇ ಅಳೆಯುತ್ತಾರೆ. ಅಲ್ಲಿ ಅಳೆದರೆ ಸೆನ್ಸರ್ ಮತ್ತು ನಡುವಿನ ವೈರ್ ಎರಡೂ ಪರೀಕ್ಷೆಗೆ ಒಳಗಾಗುತ್ತವೆ. ಅಲ್ಲಿ ತಪ್ಪು, ಸೆನ್ಸರಿನ ಬಳಿ ಸರಿ ಎಂದು ಬಂದರೆ ಕಳ್ಳ ವೈರಿನಲ್ಲಿದ್ದಾನೆ. ಎಂಜಿನ್ನಿನ ಬಿಸಿಗೆ ಸುಟ್ಟ ಹಪ್ಪಳದಂತಾದ ಕಪ್ಲರ್ ಬೆರಳು ತಾಗಿದರೇ ಪುಡಿಯಾಗುವುದುಂಟು. ಅಳೆಯುತ್ತಿರುವಾಗಲೇ ವೈರನ್ನು ಅಲುಗಾಡಿಸಿ ಅಂಕಿ ಜಿಗಿಯುತ್ತದೆಯೇ ಎಂದು ನೋಡುವುದು ಇದಕ್ಕೇ.

ಬೆಳಿಗ್ಗೆ ಸರಿಯಾಗಿ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ನಿಂತು, ಆರಿದ ಮೇಲೆ ಮತ್ತೆ ಏನೂ ಆಗದಂತೆ ಓಡುವ ಗಾಡಿಯೇ ಎಲ್ಲಕ್ಕಿಂತ ಕಷ್ಟ. ಸುರುಳಿಯ ತಂತಿ ಒಳಗೆ ಮುರಿದಿರುತ್ತದೆ. ತಣ್ಣಗಿದ್ದಾಗ ತುದಿಗಳು ಕೂಡಿಕೊಂಡಿದ್ದು, ಕಾದಾಗ ಬೇರ್ಪಡುತ್ತವೆ. ತಣ್ಣಗಿದ್ದಾಗ ಅಳೆದ ಅಂಕಿ ಇಲ್ಲಿ ಸುಳ್ಳುಸಾಕ್ಷಿ. ಗಾಡಿ ನಿಂತ ಕೂಡಲೇ ಅಳೆಯಬೇಕು, ಇಲ್ಲವೇ ಹೇರ್ ಡ್ರೈಯರ್ ಹಿಡಿದು ಕಾಯಿಸಿ ಅಳೆಯಬೇಕು.

ಎಂಜಿನ್ ಎಷ್ಟು ಬಿಸಿಯಿದೆ ಎಂದು ಕಂಪ್ಯೂಟರಿಗೆ ತಿಳಿಸುವ ತಾಪದ ಸೆನ್ಸರಿನ ಗುಣ ಬೇರೆ. ಕೂಲೆಂಟ್ ತಣ್ಣಗಿದ್ದಾಗ ಅದರ ರೋಧ ಹೆಚ್ಚು, 20 ಡಿಗ್ರಿಯಲ್ಲಿ ಸುಮಾರು 2,500 ಓಮ್. 80 ಡಿಗ್ರಿಗೆ ಅದು 300ರ ಆಸುಪಾಸಿಗೆ ಇಳಿಯುತ್ತದೆ. ವೈರ್ ಕಡಿದರೆ ರೋಧ ಅನಂತ. ಕೊರೆಯುವ ಚಳಿ ಎಂದು ತಿಳಿದ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತದೆ, ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ.

ದೋಷ ಕ್ರ್ಯಾಂಕಿನ ಸೆನ್ಸರಿನದ್ದೇ ಎಂದು ಖಚಿತವಾದ ಮೇಲೆ ಮಾತ್ರ ಅದನ್ನು ಕೀಳಬೇಕು. ದಶಕಗಳಿಂದ ಬ್ರಾಕೆಟ್ಟಿಗೆ ಅಂಟಿಕೊಂಡ ಸೆನ್ಸರ್ ಎಳೆದಾಗ ತುಂಡಾಗುವ ಸಂಭವವೇ ಹೆಚ್ಚು. ಹೊಸದನ್ನು ಕೂರಿಸುವಾಗ ಅದರ ತುದಿಗೂ ಗೇರಿನ ಹಲ್ಲಿಗೂ ನಡುವೆ 0.8 ಮಿಲಿಮೀಟರ್ ಅಂತರ ಬೇಕು. ಹೆಚ್ಚಾದರೆ ಸಂಕೇತ ಕ್ಷೀಣಿಸುತ್ತದೆ, ಕಡಿಮೆಯಾದರೆ ಹಲ್ಲು ತಾಗಿ ಸೆನ್ಸರ್ ಹಾಳು. ಕ್ಲಚ್ ಕೆಲಸ ಮಾಡಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗದಿದ್ದರೆ ಮೊದಲು ಕೆದಕಬೇಕಾದದ್ದು ಈ ಅಂತರವನ್ನೇ, ಏಕೆಂದರೆ ಬ್ರಾಕೆಟ್ ಆಗ ಸಡಿಲಗೊಂಡಿರುತ್ತದೆ. ಎರಡೂ ಸೆನ್ಸರ್‌ಗಳ ಕಪ್ಲರ್ ಒಂದೇ ಅಳತೆಯವು. ಅದಲುಬದಲಾದರೂ ಸಲೀಸಾಗಿ ಕೂರುತ್ತವೆ, ಗಾಡಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಬಿಚ್ಚುವ ಮುನ್ನವೇ ಒಂದಕ್ಕೆ ಬಣ್ಣದ ಟೇಪ್ ಸುತ್ತಿಡಬೇಕು.