ಗರ್ಭಕೋಶದ ನಾರುಗಡ್ಡೆ

ಪೊನ್ನಂಪೇಟೆಯ ಸುತ್ತಣ ತೋಟಗಳಲ್ಲಿ ಕಾಫಿ ಕುಯ್ಲು ಭರದಿಂದ ಸಾಗಿರುವಾಗ, ಹಣ್ಣಿನ ಚೀಲ ಹೊತ್ತು ಏರು ಹತ್ತುವ ಹೆಂಗಸೊಬ್ಬಳಿಗೆ ಏದುಸಿರು ಬಂದರೆ ಅದನ್ನು ದುಡಿಮೆಯ ದಣಿವೆಂದೇ ಎಲ್ಲರೂ ಎಣಿಸುವರು. ತಿಂಗಳು ತಿಂಗಳೂ ಮುಟ್ಟಿನಲ್ಲಿ ಅತಿಯಾಗಿ ರಕ್ತ ಹೋಗಿ ರಕ್ತಹೀನತೆ ಉಂಟಾಗಿದ್ದರೂ ಆಕೆ ಬಾಯಿಬಿಟ್ಟು ಹೇಳುವುದು ಅಪರೂಪ. ಇಂಥ ಸ್ರಾವಕ್ಕೆ ಸಾಮಾನ್ಯ ಕಾರಣಗಳಲ್ಲೊಂದು ಗರ್ಭಕೋಶದ ನಾರುಗಡ್ಡೆ. ವೈದ್ಯರು ಇದನ್ನು ಫೈಬ್ರಾಯ್ಡ್ ಎನ್ನುವರು.

ಗಡ್ಡೆ ಎಂದೊಡನೆ ಕ್ಯಾನ್ಸರಿನ ಭಯ ಹುಟ್ಟುವುದು ಸಹಜ. ಆದರೆ ಇದು ಕ್ಯಾನ್ಸರಲ್ಲ. ಗರ್ಭಕೋಶದ ಗೋಡೆಯ ಸ್ನಾಯುವಿನಲ್ಲಿ ಹುಟ್ಟಿ ಅಲ್ಲಿಯೇ ಉಳಿಯುವ ಗಂಟು. ಬಟಾಣಿಯಷ್ಟಿರಬಹುದು, ತೆಂಗಿನಕಾಯಿಯಷ್ಟೂ ಆಗಬಹುದು. ಅನೇಕರಲ್ಲಿ ಅದು ಇರುವುದೇ ತಿಳಿಯದು.

ಒಂದೊಂದು ಗಡ್ಡೆಯೂ ಒಂದೇ ಜೀವಕೋಶದ ಸಂತಾನ. 2011ರಲ್ಲಿ ಫಿನ್ಲೆಂಡಿನ ಸಂಶೋಧಕರು ತಾವು ಪರೀಕ್ಷಿಸಿದ ಗಡ್ಡೆಗಳಲ್ಲಿ ನೂರಕ್ಕೆ ಸುಮಾರು 70ರಲ್ಲಿ ಎಂಇಡಿ12 ಎಂಬ ಜೀನು ಕೆಟ್ಟಿರುವುದನ್ನು ಕಂಡರು. ಬೀಜ ಬಿದ್ದ ಮಾತ್ರಕ್ಕೆ ಗಿಡವಾಗದಷ್ಟೆ. ನೀರೆರೆಯುವವು ಅಂಡಾಶಯದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರೋನ್ ಹಾರ್ಮೋನುಗಳು. ಮುಟ್ಟು ನಿಂತ ಬಳಿಕ ಗಡ್ಡೆ ಸಾಮಾನ್ಯವಾಗಿ ಕುಗ್ಗುವುದು ಇದರಿಂದಲೇ.

ಹಾರ್ಮೋನು ದೂರದಿಂದ ಬರುವ ಆಜ್ಞೆ. ಅದನ್ನು ಸ್ಥಳದಲ್ಲಿ ನಡೆಸಿಕೊಡುವವುಗಳಲ್ಲಿ ಮುಖ್ಯವಾದವು ವೃದ್ಧಿಕಾರಕಗಳೆಂಬ ಪ್ರೋಟೀನುಗಳು. ಕೋಶವೊಂದು ಸ್ರವಿಸಿದ ವೃದ್ಧಿಕಾರಕವು ನೆರೆಯ ಕೋಶದ ಮೈಮೇಲಿನ ಗ್ರಾಹಕಕ್ಕೆ, ಬೀಗಕ್ಕೆ ಬೀಗದ ಕೈ ಹೊಂದುವಂತೆ, ಹೊಂದಿಕೊಳ್ಳುತ್ತದೆ. ಒಡನೆ ಬೆಳೆಯಬೇಕೆಂಬ ಸೂಚನೆ ಒಳಕ್ಕೆ ಹೋಗುತ್ತದೆ. ಸ್ರವಿಸಿದ ಕೋಶವು ತನ್ನ ಕರೆಗೆ ತಾನೇ ಓಗೊಡುವುದೂ ಉಂಟು. ಇಂಥ ವಸ್ತುಗಳನ್ನು ಮೊದಲು ಕಂಡುಹಿಡಿದ ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೋಹೆನ್ ಅವರಿಗೆ 1986ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ನಾರುಗಡ್ಡೆಯಲ್ಲಿ ಇವು ಹಲವು. ಕೆಲವು ಕೋಶಗಳ ಸಂಖ್ಯೆಯನ್ನು ಹೆಚ್ಚಿಸಿದರೆ ಕೆಲವು ಹೊಸ ರಕ್ತನಾಳಗಳನ್ನು ಚಿಗುರಿಸುತ್ತವೆ. ಟಿಜಿಎಫ್-ಬೀಟಾ 3 ಎಂಬುದರ ಕೆಲಸ ಬೇರೆಯೇ ಬಗೆಯದು. ಅದರ ಪ್ರೇರಣೆಯಿಂದ ಕೋಶಗಳು ಕೊಲಾಜನ್ ಮುಂತಾದ ನಾರಿನ ಪದಾರ್ಥಗಳನ್ನು ಹೇರಳವಾಗಿ ತಯಾರಿಸಿ ತಮ್ಮ ಸುತ್ತ ತುಂಬುತ್ತವೆ. ಗಡ್ಡೆ ಗಟ್ಟಿಯಾಗಿರುವುದು ಈ ನಾರಿನಿಂದ. ಅಷ್ಟೇ ಅಲ್ಲ, ಈ ನಾರಿನ ರಾಶಿಯೇ ವೃದ್ಧಿಕಾರಕಗಳ ಉಗ್ರಾಣ; ಅಲ್ಲಿ ಹುದುಗಿದವು ಮೆಲ್ಲಮೆಲ್ಲನೆ ಹೊರಬಂದು ಕೋಶಗಳನ್ನು ಮತ್ತೆ ಕೆರಳಿಸುತ್ತವೆ. ತನ್ನ ಗೊಬ್ಬರವನ್ನು ತಾನೇ ಕೂಡಿಟ್ಟುಕೊಂಡ ಬೆಳೆ ಇದು!

ಹಾರ್ಮೋನನ್ನು ತಡೆಯುವ ಔಷಧಿಗಳಿಂದ ಗಡ್ಡೆ ಕುಗ್ಗುತ್ತದೆ. ನಿಲ್ಲಿಸಿದರೆ ಮತ್ತೆ ಬೆಳೆಯುವುದೇ ಹೆಚ್ಚು. ಗಡ್ಡೆಯನ್ನಷ್ಟೇ ತೆಗೆದು ಗರ್ಭಕೋಶವನ್ನು ಉಳಿಸುವ ಶಸ್ತ್ರಕ್ರಿಯೆಯೂ ಇದೆ. ಇದನ್ನು ಹೇಳಲೇಬೇಕು, ಏಕೆಂದರೆ 2015ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಎಳೆಯ ವಯಸ್ಸಿನ ಅನೇಕ ಲಂಬಾಣಿ ಹೆಂಗಸರ ಗರ್ಭಕೋಶಗಳನ್ನು ಅನಾವಶ್ಯಕವಾಗಿ ತೆಗೆದರೆಂಬ ದೂರು ಎದ್ದಿತ್ತು. ತೊಂದರೆ ಕೊಡದ ಗಡ್ಡೆಗೆ ಬಹುಮಟ್ಟಿಗೆ ಚಿಕಿತ್ಸೆಯೇ ಬೇಕಿಲ್ಲ. ಏದುಸಿರು ಬಿಡುತ್ತಿರುವ ನಮ್ಮ ತೋಟದ ಹೆಂಗಸಿಗೆ ಮೊದಲು ಬೇಕಾದುದು ಒಂದು ರಕ್ತಪರೀಕ್ಷೆ, ಒಂದು ಸ್ಕ್ಯಾನಿಂಗ್.