ಕಲಿಸುವವರ ಕಲಿಕೆ

ಡೆಟ್ರಾಯಿಟಿಗೆ ಅಂಟಿಕೊಂಡಿರುವ ವಾರೆನ್ ನಗರವು ಮಿಷಿಗನ್ ರಾಜ್ಯದಲ್ಲಿದೆ. ಇಲ್ಲಿ ವೈದ್ಯನಾದ ನಾನು ಪರವಾನಗಿ ನವೀಕರಿಸಿಕೊಳ್ಳಲು ಮೂರು ವರ್ಷಕ್ಕೆ 150 ಗಂಟೆಗಳ ವ್ಯಾಸಂಗವನ್ನು ಪೂರೈಸಬೇಕು. ಶಾಲಾ ಶಿಕ್ಷಕರಿಗೂ ಐದು ವರ್ಷಕ್ಕೆ 150 ಗಂಟೆಗಳ ಕಲಿಕೆ ಅಥವಾ ಅದಕ್ಕೆ ಸಮನಾದ ವಿಶ್ವವಿದ್ಯಾಲಯದ ವ್ಯಾಸಂಗ ಕಡ್ಡಾಯ. ಇಲ್ಲವಾದರೆ ಅವರ ಪ್ರಮಾಣಪತ್ರ ನವೀಕರಣವಾಗದು. ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಶಿಕ್ಷಕರಿಂದ ವರ್ಷಕ್ಕೆ 50 ಗಂಟೆಗಳನ್ನು ನಿರೀಕ್ಷಿಸುತ್ತದೆ. ಐದು ವರ್ಷಕ್ಕೆ ಅದು 250 ಗಂಟೆ. ಲೆಕ್ಕದಲ್ಲಿ ನಮ್ಮ ನಾಡೇ ಮುಂದು!

ಊರಿನ ಶಿಕ್ಷಕ ಬಂಧುಗಳು, "ಅಲ್ಲಿಗೇ ಬಂದು ಕಲಿಯಬಹುದೇ?" ಎಂದು ಕೇಳುವುದುಂಟು. ಫುಲ್‌ಬ್ರೈಟ್ ಹೆಸರಿನಲ್ಲಿ ಅಂಥದೊಂದು ಮಾರ್ಗವಿದೆ. ಪ್ರೌಢಶಾಲಾ ಶಿಕ್ಷಕರು ಆರು ವಾರ ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಕಲಿತು, ಸಮೀಪದ ಶಾಲೆಗಳ ಪಾಠಕ್ರಮವನ್ನು ಕಣ್ಣಾರೆ ಕಾಣುತ್ತಾರೆ. ವೆಚ್ಚ ಅಮೆರಿಕ ಸರ್ಕಾರದ್ದು.

ಆದರೆ ಇದನ್ನು ವಲಸೆಯ ಹಿಂಬಾಗಿಲೆಂದು ಎಣಿಸಬಾರದು. ಸರ್ಕಾರಿ ಹಣದಲ್ಲಿ ಹೀಗೆ ಬಂದವರು, ವಿನಾಯಿತಿ ದೊರೆತ ಹೊರತು, ಎರಡು ವರ್ಷ ಸ್ವದೇಶದಲ್ಲಿ ನೆಲೆಸಿದ ಮೇಲಷ್ಟೇ ಇಲ್ಲಿನ ಎಚ್‌-1ಬಿ ವೀಸಾ ಅಥವಾ ಗ್ರೀನ್ ಕಾರ್ಡ್ ಪಡೆಯಬಲ್ಲರು. ಅರ್ಜಿಗೆ ಹಣ ಕೇಳುವ ದಲ್ಲಾಳಿಗಳನ್ನು ನಂಬದೆ ಅಧಿಕೃತ ಪ್ರಕಟಣೆಯನ್ನೇ ನೋಡಿರಿ. ನಿಯಮದ ಆಶಯವೂ ಸರಿಯಾದುದೇ: ಶಿಕ್ಷಕರು ಇಲ್ಲಿ ಕಂಡದ್ದು ಕಡೆಗೆ ಅವರೂರಿನ ಮಕ್ಕಳಿಗೆ ದಕ್ಕಬೇಕು.